ಹಿತ್ತಲಿನ ಏಪ್ರಿಕಾಟ್ ಮರ ಕಡಿಸಿ ಮಾವು ಹಾಕ್ಲಾ? ಹಣ್ಣಿಗೆ ರುಚಿನೇ ಇಲ್ಲ

ಹಾಸನ್_ಟು_ಸನ್ನಿವೇಲ್ | ಜೂನ್ 7

ಎಲ್ರಿಗೂ ನಮಸ್ಕಾರ. ಎರಡು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಒಂದು ಹಳೇ ಮನೆ ತಗೊಂಡ್ವಿ, 1958ರಲ್ಲಿ ಕಟ್ಟಿದ್ದಂತೆ. ಹಿತ್ತಲಲ್ಲಿ ದೊಡ್ಡದೊಂದು ಏಪ್ರಿಕಾಟ್ ಮರ, ಬೇಲಿ ಪಕ್ಕ ಒಂದು ಪ್ಲಮ್. ಫೆಬ್ರವರಿ ಕೊನೇಲಿ ಹೂವು ಬಿಟ್ಟಾಗ ನೋಡಕ್ಕೆ ಎರಡು ಕಣ್ಣು ಸಾಲದು. ಆದ್ರೆ ಹಣ್ಣು ಮಾತ್ರ ಎರಡು ವರ್ಷದಿಂದ ಬೇಜಾರು. ಗೊಂಚಲು ಗೊಂಚಲು ಬಿಡತ್ತೆ, ಒಂದೊಂದು ನೆಲ್ಲಿಕಾಯಿ ಗಾತ್ರ. ಹಳದಿ ತಿರುಗಿದ ತಕ್ಷಣ ಕಿತ್ತು ಅಕ್ಕಿ ಡಬ್ಬಿಲಿ ಇಡ್ತೀವಿ, ಇಲ್ಲಾಂದ್ರೆ ಅಳಿಲು ಒಂದನ್ನೂ ಬಿಡಲ್ಲ. ಮೂರು ದಿನಕ್ಕೆ ಮೆತ್ತಗಾಗತ್ತೆ, ಬಣ್ಣನೂ ಬರತ್ತೆ, ಬಾಯಿಗಿಟ್ರೆ ಸಿಹಿ ಇಲ್ಲ, ಸಪ್ಪೆ ಸಪ್ಪೆ, ಹತ್ತಿ ಅಗಿದ ಹಾಗೆ. ಜೊತೆಗೆ ಈ ವರ್ಷ ಒಂದು ದೊಡ್ಡ ಕೊಂಬೆ ಪೂರ್ತಿ ಒಣಗಿದೆ, ಬುಡದಿಂದ ಅಂಟು ಸೋರ್ತಿದೆ.

ಊರಲ್ಲಿ ಅಪ್ಪ ಹಾಕಿದ್ದ ರಸಪುರಿ ಮರ ಇತ್ತು, ಮನೆ ಪಾಲಾದಾಗ ಅದು ಕೈ ತಪ್ಪಿತು. ಅಂಥದ್ದೊಂದು ಮರ ನಮ್ಮ ಮಕ್ಕಳಿಗೂ ಇರ್ಲಿ ಅಂತ ಆಸೆ. ಏಪ್ರಿಕಾಟ್ ತೆಗೆಸಿ ಅದೇ ಜಾಗಕ್ಕೆ ಮಾವು ಹಾಕೋಣ ಅಂದ್ಕೊಂಡಿದೀನಿ, ಮರ ಕಡಿಯೋರು ರೇಟೂ ಹೇಳಿ ಹೋಗಿದಾರೆ. ಅನುಭವ ಇದ್ದೋರು ಏನಂತೀರಿ?

ಜಯನಗರ_4ನೇ_ಬ್ಲಾಕ್ | ಜೂನ್ 7

ಮಾವೇ ಹಾಕಿ ಸಾರ್. ರುಚಿ ಇಲ್ಲದ ಹಣ್ಣು ಇಟ್ಕೊಂಡು ಏನ್ಮಾಡ್ತೀರ.

ಕಸಿಕಡ್ಡಿ | ಜೂನ್ 7

ಅಯ್ಯೋ ದಯವಿಟ್ಟು ಕಡಿಸ್ಬೇಡಿ, ಮರ ಕಡಿಯೋರಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ನಾನು ಸ್ಯಾನ್ ಹೋಸೆಲಿ 14 ವರ್ಷದಿಂದ ಹಿತ್ತಲಲ್ಲಿ ಇದೇ ಕೆಲಸ ಮಾಡ್ಕೊಂಡಿದೀನಿ. ಮೂರು ಪ್ರಶ್ನೆ ಇದೆ, ಉತ್ತರ ಹೇಳಿ. ಹಣ್ಣಾದಾಗ ತೊಟ್ಟಿನ ಹತ್ರ ಭುಜದ ಮೇಲೆ ಹಸಿರು ಹಾಗೇ ಉಳಿಯತ್ತಾ? ಮರದ ಕಟಿಂಗ್ ಯಾವ ತಿಂಗಳಲ್ಲಿ ಮಾಡಿಸಿದ್ರಿ? ಮರದ ಬುಡದಲ್ಲಿ ಹುಲ್ಲುಹಾಸು ಇದ್ಯಾ?

ಹಾಸನ್_ಟು_ಸನ್ನಿವೇಲ್ | ಜೂನ್ 7

ಹೌದು, ಭುಜ ಹಸಿರೇ ಇರತ್ತೆ. ಕಟಿಂಗ್ ಹೋದ ಡಿಸೆಂಬರ್‌ನಲ್ಲಿ ಮಾಡಿಸಿದ್ವಿ, ಎಲೆ ಉದುರಿದಾಗ ಮಾಡ್ಬೇಕು ಅಂತ ಯಾರೋ ಹೇಳಿದ್ರು. ಬುಡದವರೆಗೂ ಹುಲ್ಲಿದೆ, ಸ್ಪ್ರಿಂಕ್ಲರ್ ವಾರಕ್ಕೆ ಮೂರು ಸಲ ಬರತ್ತೆ.

ಕಸಿಕಡ್ಡಿ | ಜೂನ್ 8

ಈಗ ಅರ್ಥ ಆಯ್ತು. ಮರದ್ದು ಏನೂ ತಪ್ಪಿಲ್ಲ. ನಾವು ಇದನ್ನ ಮಾವು ಅಂದ್ಕೊಂಡು ನೋಡ್ಕೋತೀವಿ, ತೊಂದ್ರೆ ಶುರುವಾಗೋದೇ ಅಲ್ಲಿ. ಬಲಿತ ಮಾವಿನಕಾಯಿ ಒಳಗೆ ಪಿಷ್ಟ ತುಂಬಿರತ್ತೆ, ಕಿತ್ತು ಹುಲ್ಲಲ್ಲಿ ಅಡೆ ಹಾಕಿದ್ರೆ ಆ ಪಿಷ್ಟ ಸಕ್ಕರೆ ಆಗತ್ತೆ, ಅದಕ್ಕೇ ನಮ್ಮಜ್ಜಿ ಕಾಲದಿಂದ ಕಾಯಿ ಕಿತ್ತು ಅಟ್ಟದ ಮೇಲೆ ಹಣ್ಣು ಮಾಡೋ ರೂಢಿ. ಏಪ್ರಿಕಾಟ್, ಪ್ಲಮ್, ಪೀಚ್‌ನಲ್ಲಿ ಬಲಿಯೋ ಹೊತ್ತಿಗೆ ಹೇಳ್ಕೊಳ್ಳೋ ಅಷ್ಟು ಪಿಷ್ಟ ಉಳಿದಿರಲ್ಲ. ಸಿಹಿ ಬರೋದೆಲ್ಲ ಎಲೆಯಿಂದ ತೊಟ್ಟಿನ ಮೂಲಕ. ಕಿತ್ತ ಮೇಲೆ ಮೆತ್ತಗಾಗತ್ತೆ, ಬಣ್ಣ ತಿರುಗತ್ತೆ, ಸಿಹಿ ಮಾತ್ರ ಕಿತ್ತ ದಿನ ಎಷ್ಟಿತ್ತೋ ಅಷ್ಟೇ. ಅಕ್ಕಿ ಡಬ್ಬಿಲಿ ತಿಂಗಳಿಟ್ರೂ ಹೆಚ್ಚಾಗಲ್ಲ. ನೀವು ಎರಡು ವರ್ಷದಿಂದ ತಿಂತಿರೋದು ಮೆತ್ತಗಾದ ಕಾಯಿ.

ಭುಜ ಹಸಿರು, ಮನೆ ಐವತ್ತರ ದಶಕದ್ದು, ಊರು ಸನ್ನಿವೇಲ್ ಅಂದ್ರೆ ನಿಮ್ಮದು ಬಹುತೇಕ ಬ್ಲೆನ್‌ಹೈಮ್ ಅನ್ನೋ ತಳಿ. ಸಿಲಿಕಾನ್ ವ್ಯಾಲಿ ಅನ್ನೋ ಹೆಸರು ಬರೋಕೆ ಮುಂಚೆ ಈ ಕಣಿವೆ ತುಂಬ ಏಪ್ರಿಕಾಟ್, ಪ್ರೂನ್ (ಒಣಗಿಸೋ ಪ್ಲಮ್), ಚೆರ್ರಿ ತೋಟಗಳೇ. ಫ್ರಾನ್ಸ್‌ನಿಂದ ಬಂದ ಪೆಲಿಯರ್ ಅಣ್ಣತಮ್ಮಂದಿರು 1856ರಲ್ಲಿ ಅಲ್ಲಿಂದ ಪ್ರೂನ್ ಕಡ್ಡಿ ತರಿಸಿ ಸ್ಯಾನ್ ಹೋಸೆಲಿ ಕಸಿ ಕಟ್ಟಿದ್ರು, ದಾರಿಲಿ ಒಣಗದೇ ಇರ್ಲಿ ಅಂತ ಕಡ್ಡಿ ತುದಿನ ಆಲೂಗಡ್ಡೆಗೆ ಚುಚ್ಚಿ ತಂದ್ರು ಅಂತ ಹೇಳ್ತಾರೆ. ಆಮೇಲೆ ತೋಟ ಕಡಿದು ಮನೆ ಕಟ್ಟುವಾಗ ಕೆಲವು ಕಡೆ ಹಿತ್ತಲಿಗೆ ಒಂದೆರಡು ಮರ ಬಿಟ್ರು. ನಿಮ್ಮೂರಲ್ಲೇ ಆರ್ಚರ್ಡ್ ಹೆರಿಟೇಜ್ ಪಾರ್ಕ್ ಇದೆ, ಸಂಜೆ ವಾಕಿಂಗ್ ಹೋಗಿ ಅಲ್ಲಿನ ಹಣ್ಣು ನಿಮ್ಮ ಹಣ್ಣು ಎರಡನ್ನೂ ಹೋಲಿಸಿ ನೋಡಿ.

ಇನ್ನು ಒಣಗಿದ ಕೊಂಬೆ. ಏಪ್ರಿಕಾಟ್‌ಗೆ ಮಳೆಗಾಲದಲ್ಲಿ ಕತ್ತರಿ ಹಾಕಲೇಬಾರದು. ಇಲ್ಲಿ ಮಳೆ ಬರೋದೇ ಚಳಿಗಾಲದಲ್ಲಿ, ಆಗ ಕತ್ತರಿಸಿದ ಗಾಯದೊಳಗೆ ಯುಟೈಪಾ ಅನ್ನೋ ಶಿಲೀಂಧ್ರ ಸೇರಿ ಕೊಂಬೆ ಒಣಗ್ತಾ ಬರತ್ತೆ. ಡಿಸೆಂಬರ್‌ನಲ್ಲಿ ಕತ್ತರಿಸಿದ್ದಕ್ಕೆ ಜೂನ್‌ನಲ್ಲೇ ಕೊಂಬೆ ಸಾಯಲ್ಲ, ಹಿಂದಿನೋರೂ ಹೀಗೇ ಮಾಡಿರ್ತಾರೆ. ಹಣ್ಣು ಮುಗಿದ ಮೇಲೆ ಜುಲೈ-ಆಗಸ್ಟ್‌ನಲ್ಲಿ, ಮಳೆಗೆ ಕಮ್ಮಿ ಅಂದ್ರೂ ಆರು ವಾರ ಇರೋವಾಗ, ಒಳಗಿನ ಕಂದು ಬಣ್ಣ ಎಲ್ಲಿವರೆಗೆ ಕಾಣತ್ತೋ ಅದಕ್ಕಿಂತ ಕಮ್ಮಿ ಅಂದ್ರೂ ಒಂದು ಅಡಿ ಕೆಳಗೆ ಕತ್ತರಿಸಿ. ಮತ್ತೆ ಆ ಸ್ಪ್ರಿಂಕ್ಲರ್‌ನ ಇವತ್ತೇ ತಿರುಗಿಸಿ. ಹಣ್ಣಾಗೋ ಹೊತ್ತಲ್ಲಿ ಅಷ್ಟು ನೀರು ಕುಡಿದ್ರೆ ರುಚಿ ಎಲ್ಲಿಂದ ಬರತ್ತೆ, ಬುಡನೂ ಕೊಳೆಯತ್ತೆ.

ಧಾರವಾಡದಾಂವ | ಜೂನ್ 8

ಕಸಿಕಡ್ಡಿಯವ್ರು ಹೇಳಿದ್ದು ಖರೇ ಅದ ರೀ. ನಾ ಮೊಡೆಸ್ಟೋದಾಗ ಇರ್ತೇನಿ. ಮಾವಿನ ಆಸೆ ನನಗೂ ಇತ್ತು, ಧಾರವಾಡದ ಆಪೂಸ್ ತಿಂದು ಬೆಳದ ಬಾಯಿ ನೋಡ್ರಿ. ಮೂರು ಗಿಡ ಹಚ್ಚಿದೆ. ಒಂದು ಮೊದಲನೇ ಚಳಿಗಾಲಕ್ಕ ಹೋತು, ಇನ್ನೊಂದಕ್ಕ ಕಂಬಳಿ ಹೊಚ್ಚಿ ಒಳಗ ಲೈಟ್ ಹಚ್ಚಿ ಎರಡು ವರ್ಷ ಕಾಯ್ದೆ, ಒಂದ ರಾತ್ರಿ ಹಿಮ ಬಿದ್ದು ಬುಡತನಕ ಕರ್ರಗ ಆತು. ಮೂರನೇದು ಕುಂಡದಾಗ ಅದ, ಏಳು ವರ್ಷಕ್ಕ ನಾಲ್ಕ ಹಣ್ಣು ಕೊಟ್ಟದ. ನಿಮ್ಮ ಕಡೆ ನಮ್ಮಷ್ಟು ಥಂಡಿ ಇಲ್ಲ, ಖರೆ, ಆದ್ರ ಮಾವಿಗೆ ಬೇಕಾದ ಸೆಕಿನೂ ಇಲ್ಲ. ಅರವತ್ತು ವರ್ಷದ ಮರಾ ಕಡದು ಹಚ್ಚೂವಂಥ ಕೆಲಸ ಅಲ್ಲ ಅದು. ಮಾವು ಬೇಕಂದ್ರ ಬಿಸಲಿನ ಗ್ವಾಡಿಗೆ ಹಚ್ಚಿ ಕುಂಡದಾಗ ಇಡ್ರಿ, ಏಪ್ರಿಕಾಟ್ ಮುಟ್ಟಬ್ಯಾಡ್ರಿ.

ಇನ್ನೊಂದು ಮಾತು. ನಮ್ಮ ಕಡೆ ಬ್ಲೆನ್‌ಹೈಮ್ ಛಲೋ ಬರಂಗಿಲ್ಲ. ಹಣ್ಣಾಗೂ ಮುಂದ ಬಿಸಲು 100 ಡಿಗ್ರಿ ಫ್ಯಾರನ್‌ಹೀಟ್ ದಾಟ್ತದ, ಗೊರಟದ ಸುತ್ತ ಒಳಗಿಂದನ ಬೆಂದು ಕಂದು ಆಗ್ತದ. ನಿಮಗ ಆ ಮರಾ ತಾನಾಗೇ ಸಿಕ್ಕದ.

ಮಾವಿನಮಿಡಿ_ಶಿರಸಿ | ಜೂನ್ 8

ಹಣ್ಣು ನೆಲ್ಲಿಕಾಯಿ ಗಾತ್ರ ಅಂದ್ರಲ್ಲ, ಅದಕ್ಕೆ ಕಾರಣ ಯಾರೂ ಹೇಳ್ಲಿಲ್ಲ. ಕಾಯಿ ತೆಳುವು ಮಾಡ್ಬೇಕು. ಏಪ್ರಿಲ್‌ನಲ್ಲಿ ಕಾಯಿ ಅಡಿಕೆ ಗಾತ್ರ ಆಗೋ ಹೊತ್ತಿಗೆ, ಓಟೆ ಗಟ್ಟಿಯಾಗೋಕೆ ಮೊದ್ಲು, ಒಂದೊಂದು ಗೊಂಚಲಲ್ಲಿ ಒಂದೇ ಬಿಟ್ಟು ಉಳಿದಿದ್ದೆಲ್ಲ ಕಿತ್ತು ಹಾಕ್ಬೇಕು. ಏಪ್ರಿಕಾಟ್ ಪ್ಲಮ್‌ಗೆ ನಾಲ್ಕು ಬೆರಳು ಅಂತರ, ಪೀಚ್‌ಗೆ ಹತ್ರ ಹತ್ರ ಒಂದು ಗೇಣು. ನಮ್ಮೋರಿಗೆ ಇದು ಕೈಯಲ್ಲಿ ಬರೋದೇ ಇಲ್ಲ, ಬಿಟ್ಟ ಕಾಯಿ ಕೀಳೋದಾ ಅಂತ ಹೊಟ್ಟೆ ಉರಿಯತ್ತೆ. ನಾನು ಮೊದಲನೇ ವರ್ಷ ಅರ್ಧ ಮರ ತೆಳುವು ಮಾಡಿ ಅರ್ಧ ಹಾಗೇ ಬಿಟ್ಟೆ. ಒಂದೇ ಮರದ ಹಣ್ಣು ಅಂದ್ರೆ ಯಾರೂ ನಂಬಲ್ಲ, ಅಷ್ಟು ವ್ಯತ್ಯಾಸ.

ಮತ್ತೆ ಕಿತ್ತ ಕಾಯಿ ಎಸೀಬೇಡಿ. ಪ್ಲಮ್‌ನ ಎಳೇ ಕಾಯಿ ಹುಳಿ ಮತ್ತೆ ಒಗರು ಥೇಟ್ ಮಿಡಿ ಥರ. ಉಪ್ಪಲ್ಲಿ ಹಾಕಿ ಚಿರುಟಿದ ಮೇಲೆ ಸಾಸಿವೆ ಮೆಣಸಿನ ಖಾರ ಅರೆದು ಹಾಕ್ತೀನಿ. ಅಪ್ಪೆಮಿಡಿ ಪರಿಮಳ ಬರಲ್ಲ, ಅದನ್ನ ಯಾವ ಕಾಯಿಯಿಂದನೂ ಕೇಳ್ಬಾರ್ದು, ಆದ್ರೆ ಮೊಸರನ್ನಕ್ಕೆ ಪಸಂದಾಗಿರತ್ತೆ.

ಮೈಸೂರ್_ಡೇವಿಸ್ | ಜೂನ್ 8

@ಮಾವಿನಮಿಡಿ_ಶಿರಸಿ ಒಂದು ಎಚ್ಚರಿಕೆ ಹೇಳ್ಬೇಕು. ಮಾವಿನ ಮಿಡಿ ಇಡಿಯಾಗಿ ಅಗಿದು ತಿನ್ನೋ ಹಾಗೆ ಇದನ್ನ ತಿನ್ನಬಾರದು. ಪ್ಲಮ್, ಏಪ್ರಿಕಾಟ್, ಪೀಚ್ ಬೀಜದಲ್ಲಿ ಅಮಿಗ್ಡಾಲಿನ್ ಇರತ್ತೆ, ಹೊಟ್ಟೆಗೆ ಹೋದ್ರೆ ಸಯನೈಡ್ ಬಿಡುಗಡೆ ಆಗತ್ತೆ. ಎಳೇದ್ರಲ್ಲಿ ಓಟೆ ಗಟ್ಟಿ ಇರಲ್ಲವಾದ್ರಿಂದ ಬೀಜ ಸಮೇತ ಒಳಗೆ ಹೋಗೋ ಸಾಧ್ಯತೆ ಹೆಚ್ಚು. ಸೀಳಿ ಬೀಜ ತೆಗೆದೇ ಉಪ್ಪಿನಕಾಯಿ ಹಾಕಿ.

ಮಾವಿನಮಿಡಿ_ಶಿರಸಿ | ಜೂನ್ 8

ಇರಾನಿನವರು, ಟರ್ಕಿಯವರು ಹಸಿರು ಪ್ಲಮ್‌ಗೆ ಉಪ್ಪು ಹಚ್ಚಿ ಬುಟ್ಟಿಗಟ್ಲೆ ತಿಂತಾರಲ್ಲ? ನಮ್ಮ ಪಕ್ಕದ ಮನೆಯೋರು ಪ್ರತಿ ವರ್ಷ ತಿಂತಾರೆ.

ಮೈಸೂರ್_ಡೇವಿಸ್ | ಜೂನ್ 8

ತಿಂತಾರೆ, ಬೀಜ ಉಗಿದು ತಿಂತಾರೆ. ತಿರುಳಿಂದ ಭಯ ಇಲ್ಲ. ನಾನು ಹೇಳ್ತಿರೋದು ಬೀಜದ ಮಾತು ಮಾತ್ರ, ಮಕ್ಕಳಿರೋ ಮನೆ ಅಂತ.

ಮಾವಿನಮಿಡಿ_ಶಿರಸಿ | ಜೂನ್ 8

ಸರಿ, ಒಪ್ಪಿದೆ. ಮುಂದಿನ ಸಲದಿಂದ ಸೀಳಿಯೇ ಹಾಕ್ತೀನಿ.

ಬೀದರ್_ಬಂದಾ | ಜೂನ್ 9

ಬೀಜದ ಮಾತು ಬಂತಲ್ಲ ಅದಕ್ಕ ಕೇಳ್ತಿನಿ. ನಮ್ಮ ಕಡೆ ಮದುವ್ಯಾಗ ಖುಬಾನಿ ಕಾ ಮೀಠಾ ಮಾಡ್ತಾರ. ಒಣ ಜರ್ದಾಲು, ಅಂದ್ರ ಏಪ್ರಿಕಾಟ್, ರಾತ್ರಿ ನೆನಿಸಿ ಮುಂಜಾನಿ ಕುದಿಸಿ, ಗೊರಟ ಒಡದು ಒಳಗಿನ ಬೀಜಾ ತಗದು ಮ್ಯಾಲೆ ಉದರಸ್ತಾರ, ಬಾದಾಮಿ ಗತೆ ಇರ್ತದ. ಸಣ್ಣವ ಇದ್ದಾಗಿಂದ ತಿಂದೀನಿ, ಏನೂ ಆಗಿಲ್ಲ. ಹಂಗಾದ್ರ ಅದು ವಿಷನಾ?

ಸೋಲನ್_ಕನ್ನಡಿಗ | ಜೂನ್ 9

ಇಲ್ಲ, ಅದು ಸಿಹಿ ಬೀಜದ ತಳಿ. ಕಹಿ ಬೀಜ ಬೇರೆ, ಸಿಹಿ ಬೀಜ ಬೇರೆ. ಲಡಾಖ್‌ನಲ್ಲಿ ರಕ್ತ್ಸೆ ಕರ್ಪೊ ಅಂತ ಒಂದು ಏಪ್ರಿಕಾಟ್ ಇದೆ, ಅದರ ಓಟೆ ಬೆಳ್ಳಗಿರತ್ತೆ, ಬೀಜ ಸಿಹಿ, ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆನೂ ಸಿಕ್ಕಿದೆ. ನಮ್ಮ ಹಿಮಾಚಲದ ಮೇಲ್ಗಡೆ ಕಾಡು ಏಪ್ರಿಕಾಟ್‌ಗೆ ಚುಲ್ಲಿ ಅಂತಾರೆ, ಅದರ ಬೀಜದಿಂದ ಎಣ್ಣೆ ತೆಗೀತಾರೆ, ಮಂಡಿ ನೋವಿಗೆ ಹಚ್ಚೋಕೆ ಇಲ್ಲಿನ ಅಜ್ಜಿಯರು ಅದನ್ನೇ ಕೊಡ್ತಾರೆ. ಕ್ಯಾಲಿಫೋರ್ನಿಯಾದ ಹಿತ್ತಲಿನ ಮರದ ಬೀಜ ಸಿಹಿ ಅಂತ ಊಹೆ ಮಾಡ್ಕೊಂಡು ತಿನ್ಬೇಡಿ.

ಅಂದಹಾಗೆ ಬ್ಯಾಂಕ್ ಕೆಲಸದ ಮೇಲೆ ಇಲ್ಲಿಗೆ ಬಂದು ಆರು ವರ್ಷ ಆಯ್ತು, ಬಾಡಿಗೆ ಮನೆ ಹಿಂದೆ ಸಾಂಟಾ ರೋಸಾ ಪ್ಲಮ್ ಎರಡು ಮರ ಇದೆ. ಅಮೆರಿಕದ ತಳಿ ನಮ್ಮ ಹಿಮಾಚಲದ ತೋಟಗಳಲ್ಲಿ ಊರಿನದ್ದೇ ಅನ್ನೋ ಹಾಗೆ ಬೆಳೆದಿದೆ. @ಹಾಸನ್_ಟು_ಸನ್ನಿವೇಲ್ ನಿಮ್ಮ ಪ್ಲಮ್ ಯಾವುದು?

ಹಾಸನ್_ಟು_ಸನ್ನಿವೇಲ್ | ಜೂನ್ 9

ಹೆಸರು ಗೊತ್ತಿಲ್ಲ. ಸಿಪ್ಪೆ ಕಡುಗೆಂಪು, ಮೇಲೆ ಬೂದಿ ಪುಡಿ ಹಚ್ಚಿದ ಹಾಗೆ, ಒಳಗೆ ಹಳದಿ, ಸಿಪ್ಪೆ ಹತ್ರ ಕೆಂಪು. ಅಳಿಲು ಬಿಟ್ಟ ಒಂದು ಸಿಕ್ತು, ಸಿಪ್ಪೆ ಮಾತ್ರ ವಿಪರೀತ ಹುಳಿ.

ಕಸಿಕಡ್ಡಿ | ಜೂನ್ 9

ಹಾಗಾದ್ರೆ ಅದೂ ಸಾಂಟಾ ರೋಸಾನೇ ಇರ್ಬೇಕು. ಲೂಥರ್ ಬರ್ಬ್ಯಾಂಕ್ ಸಾಂಟಾ ರೋಸಾ ಊರಲ್ಲಿ ಬೆಳೆಸಿ 1906ರಲ್ಲಿ ಹೊರಗೆ ಬಿಟ್ಟ ತಳಿ, ನಿಮ್ಮನೆಯಿಂದ ಎರಡು ಗಂಟೆ ದಾರಿ. ಬೇರೆ ಮರದ ಪರಾಗ ಇಲ್ಲದೇನೂ ಕಾಯಿ ಕಟ್ಟತ್ತೆ. ಸಿಪ್ಪೆ ಹುಳಿ, ತಿರುಳು ಸಿಹಿ, ಎರಡೂ ಒಟ್ಟಿಗೆ ಬಾಯಿಗೆ ಹೋದ್ರೇ ಅದರ ರುಚಿ. ಸಿಪ್ಪೆ ಸುಲಿದು ತಿಂದ್ರೆ ಏನೂ ಉಳಿಯಲ್ಲ.

ಹೊಸತೋಟ | ಜೂನ್ 10

ಪ್ಲಮ್ ಏಪ್ರಿಕಾಟ್ ಸೇರಿಸಿ ಮಾಡಿರೋ ಪ್ಲುವಾಟ್ ಹಾಕ್ಬೋದಾ? ಅಂಗಡಿಲಿ ಚುಕ್ಕೆ ಚುಕ್ಕೆ ಇರೋದು ತಿಂದ್ವಿ, ಬಹಳ ಸಿಹಿ. ಆದ್ರೆ ಅದು ಲ್ಯಾಬಲ್ಲಿ ಜೀನ್ ಬದಲಾಯಿಸಿ ಮಾಡಿದ್ದು ಅಂತ ನಮ್ಮನೇಲಿ ಬೇಡ ಅಂತಿದಾರೆ.

ಧಾರವಾಡದಾಂವ | ಜೂನ್ 10

ಅದು ತಪ್ಪ ತಿಳವಳಿಕಿ ರೀ. ನಮ್ಮೂರು ಮೊಡೆಸ್ಟೋದಾಗನ ಈ ಪ್ಲುವಾಟ್ ಮಾಡಿದ ಫ್ಲಾಯ್ಡ್ ಝೈಗರ್ ಅಂತ ಇದ್ರು, 2020ರಾಗ ತೀರಿಕೊಂಡ್ರು. ಒಂದು ಹೂವಿನ ಪರಾಗ ಇನ್ನೊಂದಕ್ಕ ಕೈಲೆ ಹಚ್ಚಿ, ಬಂದ ಬೀಜಾ ಬಿತ್ತಿ, ಸಾವಿರಾರು ಗಿಡದಾಗ ಛಲೋದೊಂದು ಆರಿಸಿ, ಮತ್ತ ಅದನ್ನ ಇನ್ನೊಂದರ ಜೋಡಿ ಕೂಡಿಸಿ, ಹಿಂಗ ವರ್ಷಾನುಗಟ್ಲೆ ಮಾಡಿದ ಕೆಲಸ. ಬರ್ಬ್ಯಾಂಕ್ ಮಾಡಿದ ಪ್ಲಮ್‌ಕಾಟ್ ಅರ್ಧಕ್ಕರ್ಧ, ಪ್ಲುವಾಟ್‌ದಾಗ ಪ್ಲಮ್ ಪಾಲು ಹೆಚ್ಚು, ಏಪ್ರಿಯಂದಾಗ ಏಪ್ರಿಕಾಟ್ ಹೆಚ್ಚು. ನೀವು ತಿಂದ ಚುಕ್ಕಿದು ಡ್ಯಾಪಲ್ ಡ್ಯಾಂಡಿ ಇರಬೇಕು. ನನ್ನ ಕೇಳಿದ್ರ ಫ್ಲೇವರ್ ಕಿಂಗ್ ಹಚ್ಚರಿ, ಅದರಷ್ಟು ಘಮಾ ಯಾವದಕ್ಕೂ ಇಲ್ಲ. ಅದಕ್ಕ ಜೋಡಿ ಮರಾ ಬೇಕು, ಹತ್ರ ಸಾಂಟಾ ರೋಸಾ ಇದ್ರ ಸಾಕು.

ಕೊಪ್ಪದ_ಅಡಿಕೆ | ಜೂನ್ 10

ನಮ್ಮ ಪೀಚ್ ಗಿಡದ ಎಲೆ ಎಲ್ಲ ಕೆಂಪಾಗಿ ದಪ್ಪ ಆಗಿ ಮುರುಟಿ ಹೋಗಿದೆ. ಗಂಧಕ ಹೊಡೀಲಾ? ಪಕ್ಕದಲ್ಲೇ ಏಪ್ರಿಕಾಟೂ ಇದೆ, ಎರಡಕ್ಕೂ ಒಟ್ಟಿಗೆ ಹೊಡ್ದು ಬಿಡೋಣ ಅಂತ.

ಮೈಸೂರ್_ಡೇವಿಸ್ | ಜೂನ್ 10

ಬೇಡ ಬೇಡ. ಏಪ್ರಿಕಾಟ್‌ಗೆ ಗಂಧಕ ಆಗಲ್ಲ, ಎಲೆ ಸುಟ್ಟು ಉದುರತ್ತೆ. ಪೀಚ್‌ದು ಎಲೆ ಮುರುಟು ರೋಗ, ಅದಕ್ಕೂ ಈಗ ಹೊಡೆದು ಪ್ರಯೋಜನ ಇಲ್ಲ, ಮೊಗ್ಗು ಒಡೆಯೋವಾಗಲೇ ಶಿಲೀಂಧ್ರ ಒಳಗೆ ಹೋಗಿ ಆಗಿದೆ. ಬಿಸಿಲು ಬಂದ ಮೇಲೆ ಹೊಸ ಎಲೆ ತಾನಾಗೇ ಚೆನ್ನಾಗಿ ಬರತ್ತೆ. ನವೆಂಬರ್ ಕೊನೇಲಿ ಎಲೆ ಉದುರಿದ ಮೇಲೆ ಒಂದು ಸಲ, ಮೊಗ್ಗು ಉಬ್ಬೋ ಮುಂಚೆ ಇನ್ನೊಂದು ಸಲ ತಾಮ್ರದ ಔಷಧಿ ಹೊಡೀರಿ. ನಿಮ್ಮ ಹೆಸರು ನೋಡಿದ್ರೆ ಅಡಿಕೆ ಕಡೆಯೋರು, ಕೊಳೆರೋಗಕ್ಕೆ ಮೈಲುತುತ್ತ ಸುಣ್ಣ ಸೇರಿಸಿ ಬೋರ್ಡೋ ಹೊಡೀತಿದ್ರಲ್ಲ, ಅದೇ ಲೆಕ್ಕ.

ಕೊಪ್ಪದ_ಅಡಿಕೆ | ಜೂನ್ 10

ಓ, ಹಾಗಾದ್ರೆ ಗೊತ್ತಾಯ್ತು. ಅಪ್ಪ ಮಳೆಗಾಲದ ಮೊದ್ಲು ಗೊನೆಗೆ ಹೊಡೆಸ್ತಿದ್ರು. ರೋಗ ಬಂದ ಮೇಲೆ ಹೊಡೆದ್ರೆ ದುಡ್ಡು ದಂಡ ಅಂತಿದ್ರು.

ಜಯನಗರ_4ನೇ_ಬ್ಲಾಕ್ | ಜೂನ್ 11

ಇದೆಲ್ಲ ಓದಿ ನನಗೂ ಆಸೆ ಬಂತು. ಬೆಂಗಳೂರಲ್ಲಿ ಟೆರೇಸ್ ಮೇಲೆ ದೊಡ್ಡ ಡ್ರಮ್‌ನಲ್ಲಿ ಏಪ್ರಿಕಾಟ್ ಬರತ್ತಾ? ನಮ್ಮೂರು ತಣ್ಣಗಿರೋ ಊರೇ ಅಲ್ವಾ. ಬೇಸಿಗೆಲಿ ಗಾಡಿ ಮೇಲೆ ಪ್ಲಮ್ ಬರತ್ತಲ್ಲ, ಅದು ಎಲ್ಲಿಂದ?

ಸೋಲನ್_ಕನ್ನಡಿಗ | ಜೂನ್ 11

ಬರಲ್ಲ. ಈ ಮರಗಳಿಗೆ ಚಳಿಗಾಲದಲ್ಲಿ ನಿದ್ದೆ ಬೇಕು. 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಎಷ್ಟು ಗಂಟೆ ಕಳೀತು ಅಂತ ಲೆಕ್ಕ ಹಾಕ್ತಾರೆ, ಬ್ಲೆನ್‌ಹೈಮ್‌ಗೆ ಸುಮಾರು 400 ಗಂಟೆ, ಸಾಂಟಾ ರೋಸಾಗೆ 300. ಬೆಂಗಳೂರಲ್ಲಿ ಇಲ್ಲಿವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಲಿ. ಅಂದ್ರೆ ಒಂದು ಗಂಟೆನೂ ಲೆಕ್ಕಕ್ಕೆ ಬರಲ್ಲ. ಎಲೆ ಬರತ್ತೆ, ಹೂವಿಗೆ ಕಾದು ಕಾದು ಸಾಕಾಗತ್ತೆ. ಗಾಡಿ ಮೇಲಿನ ಪ್ಲಮ್ ಊಟಿ, ಕೊಡೈಕನಾಲ್ ಕಡೆಯ ಬೆಟ್ಟದಿಂದಲೂ ಬರತ್ತೆ, ನಮ್ಮ ಹಿಮಾಚಲದಿಂದಲೂ ಬರತ್ತೆ. ಡ್ರಮ್‌ನಲ್ಲಿ ಕಡಿಮೆ ಚಳಿ ಕೇಳೋ ಪೀಚ್ ಪ್ರಯತ್ನ ಮಾಡ್ಬೋದು, ಅದರಿಂದಲೂ ದೊಡ್ಡ ನಿರೀಕ್ಷೆ ಇಟ್ಕೋಬೇಡಿ. ನಿಮ್ಮೂರಿಗೆ ಓಟೆ ಹಣ್ಣು ಅಂದ್ರೆ ಮಾವು. ಅದನ್ನೇ ಹಾಕಿ.

ಕುಡ್ಲ_ಟು_ಯಾಕಿಮಾ | ಜೂನ್ 11

ಚೆರ್ರಿ ಬಗ್ಗೆ ಯಾರೂ ಮಾತೇ ಆಡ್ಲಿಲ್ಲ ಮಾರಾಯ್ರೆ! ನಮ್ಮಲ್ಲಿ ವಾಷಿಂಗ್ಟನ್‌ನಲ್ಲಿ ಹಿತ್ತಲಲ್ಲಿ ಎರಡು ಉಂಟು, ಒಂದು ಬಿಂಗ್, ಒಂದು ರೇನಿಯರ್. ಬಿಂಗ್ ತಳಿ 1870ರ ದಶಕದಲ್ಲಿ ಆರೆಗನ್‌ನ ಮಿಲ್ವಾಕಿಯಲ್ಲಿ ಹುಟ್ಟಿದ್ದು, ತೋಟದಲ್ಲಿ ಮೇಸ್ತ್ರಿಯಾಗಿದ್ದ ಚೀನಾದ ಆಹ್ ಬಿಂಗ್ ಅವರ ಹೆಸರು ಇಟ್ಟದ್ದು. ತಿನ್ನುವಾಗ ಒಮ್ಮೆ ಅವರ ನೆನಪು ಮಾಡಬೇಕು ಅಂತ ನಾನು ಮಕ್ಕಳಿಗೆ ಹೇಳುವುದುಂಟು. ರೇನಿಯರ್ ಇಲ್ಲಿಯೇ ಪ್ರಾಸರ್‌ನಲ್ಲಿ 1952ರಲ್ಲಿ ಬಿಂಗ್‌ಗೆ ವ್ಯಾನ್ ಅನ್ನುವ ತಳಿ ಸೇರಿಸಿ ಮಾಡಿದ್ದು. ಹಕ್ಕಿಗಳಿಗೂ ರುಚಿ ಗೊತ್ತುಂಟು, ಬಲೆ ಹಾಕದಿದ್ದರೆ ಒಂದು ಬೆಳಿಗ್ಗೆಯೊಳಗೆ ಮರ ಖಾಲಿ.

ಹಾಸನ್_ಟು_ಸನ್ನಿವೇಲ್ | ಜೂನ್ 11

ಅದೇ ನನ್ನ ತೊಂದ್ರೆನೂ. ಮರದಲ್ಲೇ ಬಿಡಿ ಅಂತೀರಿ ಸರಿ, ಅಳಿಲಿಗೆ ಏನ್ಮಾಡೋದು?

ಧಾರವಾಡದಾಂವ | ಜೂನ್ 11

ಇಡೀ ಮರಕ್ಕ ಬಲಿ ಹಾಕಾಕ ಹೋಗಬ್ಯಾಡ್ರಿ, ಕೈಗೆ ಸಿಗೂ ನಾಲ್ಕು ಟೊಂಗಿ ಆರಿಸ್ರಿ. ತೆಳ್ಳನ ಜಾಳಗಿ ಬಟ್ಟಿ ಚೀಲ ಸಿಗ್ತಾವ, ಟೊಂಗಿ ಸಮೇತ ಕಟ್ಟರಿ. ಮ್ಯಾಲಿಂದು ಅಳಿಲಿಗೆ ಹೋಗಲಿ.

ಕಸಿಕಡ್ಡಿ | ಜೂನ್ 11

ಬಟ್ಟೆ ಚೀಲ ಅಳಿಲು ಕಚ್ಚಿ ಹರಿಯತ್ತೆ, ನಮ್ಮಲ್ಲಿ ಹರಿದಿದೆ. ಸಣ್ಣ ಕಣ್ಣಿನ ತಂತಿ ಜಾಲರಿ ಸುತ್ತಿ. ಮತ್ತೆ ದಿನಾ ಬೆಳಿಗ್ಗೆ ಹೋಗಿ ಮುಟ್ಟಿ ನೋಡಿ. ಹಸಿರು ಭುಜ ಹಳದಿ ಆಗ್ಲಿ ಅಂತ ಕಾಯ್ಬೇಡಿ, ಬ್ಲೆನ್‌ಹೈಮ್ ಒಳಗಿಂದ ಹೊರಗೆ ಹಣ್ಣಾಗತ್ತೆ. ಹಿಡಿದು ಮೆಲ್ಲಗೆ ಎತ್ತಿದ್ರೆ ತೊಟ್ಟು ತಾನಾಗೇ ಕಳಚಿಕೊಂಡು ಕೈಗೆ ಬರ್ಬೇಕು. ಎಳೀಬೇಕು ಅನಿಸಿದ್ರೆ ಇನ್ನೂ ಆಗಿಲ್ಲ. ಹೋದ ವರ್ಷ ಸಕ್ಕರೆ ಅಳೆಯೋ ಬ್ರಿಕ್ಸ್ ಮೀಟರ್ ತಂದು ನೋಡಿದೆ, ಅಂಗಡಿದು 11, ನಮ್ಮ ಮರದಲ್ಲೇ ಬಿಟ್ಟದ್ದು 18.

ಹಾಸನ್_ಟು_ಸನ್ನಿವೇಲ್ | ಜೂನ್ 29

ಮೂರು ವಾರ ಆಯ್ತು, ಬಂದು ಹೇಳ್ಬೇಕು ಅನಿಸ್ತು. ಮರ ಕಡಿಯೋರಿಗೆ ಅವತ್ತೇ ಬೇಡ ಅಂದೆ. ಸ್ಪ್ರಿಂಕ್ಲರ್ ನಿಲ್ಲಿಸಿದೆ. ಐದು ಕೊಂಬೆಗೆ ತಂತಿ ಸುತ್ತಿದೆ, ಒಳಗೆ ಗೊಂಚಲಲ್ಲಿ ಸಣ್ಣವನ್ನ ಕಿತ್ತು ಹಾಕಿದೆ, ಲೇಟಾಗಿತ್ತು ಆದ್ರೂ ಮಾಡ್ದೆ.

ಹೋದ ಭಾನುವಾರ ಬೆಳಿಗ್ಗೆ ಒಂದು ಹಣ್ಣು ಎತ್ತಿದೆ, ಹಾಗೇ ಅಂಗೈಗೆ ಬಂತು. ಬಿಸಿಲಿಗೆ ಬೆಚ್ಚಗಿತ್ತು. ಎರಡು ಬೆರಳಲ್ಲಿ ಒತ್ತಿದ್ರೆ ಗೆರೆ ಗುಂಟ ಎರಡು ಹೋಳಾಯ್ತು, ಓಟೆ ಸಲೀಸಾಗಿ ಬಿಟ್ಕೊಂಡು ಬಂತು. ಮೊದ್ಲು ಮೂಗಿಗೆ ಬಂದದ್ದು ಜೇನಿನ ಘಮ, ಆಮೇಲೆ ಸಿಹಿ, ಅದರ ಹಿಂದೇನೇ ಒಂದು ಹುಳಿ, ಗಂಟಲಲ್ಲಿ ಬಹಳ ಹೊತ್ತು ಉಳೀತು. ನಾನು ಹಿತ್ತಲಲ್ಲೇ ನಿಂತು ಏಳು ತಿಂದೆ. ಅಮ್ಮ ಹಾಸನದಿಂದ ಬಂದಿದಾರೆ, ಅವರಿಗೆ ಕೊಟ್ಟೆ. ಒಂದು ತಿಂದು ಸ್ವಲ್ಪ ಹೊತ್ತು ಸುಮ್ಮನಿದ್ರು, ಆಮೇಲೆ, "ಇದನ್ನಾ ಕಡಿಸ್ತೀನಿ ಅಂದಿದ್ದು?" ಅಂದ್ರು. ಮಧ್ಯಾಹ್ನ ಪ್ಲಮ್ ಹಣ್ಣು ಸಿಪ್ಪೆ ಸಮೇತ ಬೇಯಿಸಿ, ಬೆಲ್ಲ, ಹಸಿಮೆಣಸು, ತೆಂಗಿನಕಾಯಿ ಸಾಸಿವೆ ಅರೆದು ಹಾಕಿ ಮಾವಿನ ಹಣ್ಣಿಗೆ ಮಾಡೋ ಹಾಗೇ ಗೊಜ್ಜು ಮಾಡಿದ್ರು. ಮಗಳು ಅನ್ನಕ್ಕೆ ಎರಡು ಸಲ ಹಾಕಿಸ್ಕೊಂಡ್ಳು.

ತಂತಿ ಒಳಗಿನ ಹಣ್ಣು ಈಗ ದಿನಕ್ಕೆ ಎರಡು ಬುಟ್ಟಿ ಬರ್ತಿದೆ. ಹೋಳು ಮಾಡಿ ಒಣಗಿಸ್ಬೋದಾ?

ಮಾವಿನಮಿಡಿ_ಶಿರಸಿ | ಜೂನ್ 29

ಓದಿ ಎಷ್ಟು ಖುಷಿ ಆಯ್ತು ಗೊತ್ತಾ! ಒಣಗಿಸಿ, ಸಂಡಿಗೆ ಥರ. ಎರಡು ಹೋಳು ಮಾಡಿ ಕತ್ತರಿಸಿದ ಭಾಗ ಮೇಲೆ ಬರೋ ಹಾಗೆ ತಟ್ಟೆಲಿ ಹರವಿ, ಮೇಲೆ ತೆಳು ಬಟ್ಟೆ. ಅಂಗಡಿದು ಕಿತ್ತಳೆ ಬಣ್ಣ ಉಳಿಯೋದು ಗಂಧಕದ ಹೊಗೆ ಕೊಟ್ಟಿದ್ದಕ್ಕೆ, ನಿಮ್ಮದು ಕಂದಾಗತ್ತೆ, ಹೆದರ್ಬೇಡಿ.

ಕುಡ್ಲ_ಟು_ಯಾಕಿಮಾ | ಜೂನ್ 29

ತೀರಾ ಮೆತ್ತಗಾದದ್ದನ್ನು ಅರೆದು ತಟ್ಟೆಗೆ ಪದರ ಪದರ ಹಚ್ಚಿ ಒಣಗಿಸಿ, ಮಾಂಬಳದ ಹಾಗೆ. ಮಳೆಗಾಲಕ್ಕೆ ಆಗ್ತದೆ.

ಹಾಸನ್_ಟು_ಸನ್ನಿವೇಲ್ | ಜೂನ್ 30

ಎರಡೂ ಮಾಡ್ತೀವಿ. ಆಗಸ್ಟ್ ಮೊದಲನೇ ವಾರ ಒಣಗಿದ ಕೊಂಬೆ ತೆಗೀತೀನಿ, @ಕಸಿಕಡ್ಡಿ ಒಂದು ಸಲ ಬಂದು ಎಲ್ಲಿ ಕತ್ತರಿಸ್ಬೇಕು ತೋರಿಸ್ತೀರಾ? ಕುಂಡದಲ್ಲಿ ಒಂದು ಮಾವೂ ತರ್ತೀನಿ, ಬಿಸಿಲು ಗೋಡೆ ಪಕ್ಕ. ಬ್ಲೆನ್‌ಹೈಮ್ ಕಸಿ ಕಡ್ಡಿ ಬೇಕಾದೋರು ಇದ್ರೆ ಈಗಲೇ ಹೇಳಿಡಿ, ಒಣಗದ ಕಡೆಯಿಂದ ಕೊಡ್ತೀನಿ.

ಕಸಿಕಡ್ಡಿ | ಜೂನ್ 30

ಬರ್ತೀನಿ, ಗರಗಸ ನಾನೇ ತರ್ತೀನಿ.

ಕೊಪ್ಪದ_ಅಡಿಕೆ | ಜೂನ್ 30

ನನಗೆ ಎರಡು ಕಡ್ಡಿ. ಪೆನ್ಸಿಲ್ ದಪ್ಪ ಇದ್ರೆ ಸಾಕು.